ಕಾಂತಕ್ಷೇತ್ರದ ದಿನದ ಏರಿಳಿತವನ್ನು ಸೂತ್ರಕ್ಕೆ ಇಳಿಸುವುದು: ಮೊದಲು ಗಡಿಯಾರ, ಆಮೇಲೆ ಗಣಿತ

ನನ್ನ ಅಕ್ಕನ ಮಗಳು ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಭೂಮಿಯ ಕಾಂತಕ್ಷೇತ್ರ ಒಂದು ದಿನದಲ್ಲಿ ಹೇಗೆ ಏರಿ ಇಳಿಯುತ್ತದೆ, ಅದನ್ನು ಗಣಿತದಲ್ಲಿ ಹೇಗೆ ಬರೆಯುವುದು ಅನ್ನೋದು ಅವಳ ಕೊನೆ ವರ್ಷದ ಪ್ರಾಜೆಕ್ಟು. ಒಂದು ಭಾನುವಾರ ದಾವಣಗೆರೆಗೆ ಬಂದವಳು ಲ್ಯಾಪ್‌ಟಾಪ್ ತೆರೆದು, "ಮಾಮ, ಎಷ್ಟು ಸಲ ಮಾಡಿದ್ರೂ ನನ್ನ ಗ್ರಾಫಲ್ಲಿ ಬೆಳಿಗ್ಗೆ ಆರಕ್ಕೇ ಮಧ್ಯಾಹ್ನ ಆಗ್ತಿದೆ" ಅಂದಳು. ನೋಡಿದ ಕೂಡಲೇ ಗೊತ್ತಾಯಿತು, ಯಾಕೆಂದರೆ ಹಲವು ವರ್ಷಗಳ ಹಿಂದೆ ನಾನೂ ಇದೇ ತಪ್ಪು ಮಾಡಿ ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಸೂತ್ರ ಸರಿ ಇತ್ತು, ಲೆಕ್ಕ ಸರಿ ಇತ್ತು, ಗಡಿಯಾರ ಮಾತ್ರ ನಮ್ಮೂರಿನದಾಗಿರಲಿಲ್ಲ.

ಅವತ್ತು ಅವಳಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪಿಯುಸಿ ಮಟ್ಟದ ಸೈನ್, ಕೊಸೈನ್ ಗೊತ್ತಿದ್ದು, ಎಕ್ಸೆಲ್ ಅಥವಾ ಲಿಬ್ರೆಆಫೀಸ್ ಬಳಸಲು ಬಂದರೆ ಸಾಕು.

ಏನನ್ನು ಅಳೆಯುತ್ತಿದ್ದೇವೆ

ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರದ ಬಲ ಸುಮಾರು 40,000 ನ್ಯಾನೋಟೆಸ್ಲಾ. ಅದರ ಮೇಲೆ ದಿನಾ ಸೂರ್ಯನ ಜೊತೆ ಏಳುವ ಸಣ್ಣ ಗುಡ್ಡ ಒಂದಿದೆ. ಎತ್ತರ ಕೆಲವು ಹತ್ತು ನ್ಯಾನೋಟೆಸ್ಲಾ ಅಷ್ಟೆ, ಅಂದರೆ ಸಾವಿರದಲ್ಲಿ ಒಂದು ಪಾಲು. ರಾತ್ರಿಯೆಲ್ಲ ರೇಖೆ ಚಳ್ಳಕೆರೆ ಕಡೆಯ ಬಯಲಿನ ಹಾಗೆ ಚಪ್ಪಟೆಯಾಗಿರುತ್ತದೆ. ಬೆಳಿಗ್ಗೆ ಬಿಸಿಲೇರುತ್ತಿದ್ದಂತೆ ಮೇಲಕ್ಕೆ ಹೊರಡುತ್ತದೆ, ಹನ್ನೊಂದು ಹನ್ನೆರಡರ ಹೊತ್ತಿಗೆ ಜೋಗಿಮಟ್ಟಿ ಹತ್ತಿದ ಹಾಗೆ ತುದಿ ಮುಟ್ಟಿ, ಸಂಜೆ ಆರರೊಳಗೆ ಮತ್ತೆ ಬಯಲಿಗೆ ಇಳಿಯುತ್ತದೆ.

ಇದರ ಕಾರಣ ನೆಲದೊಳಗಿಲ್ಲ, ತಲೆ ಮೇಲಿದೆ. ಸುಮಾರು 110 ಕಿ.ಮೀ. ಎತ್ತರದಲ್ಲಿ, ಅಯಾನುಗೋಳದ ಕೆಳ ಪದರದಲ್ಲಿ, ಬಿಸಿಲು ಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕೀಳುತ್ತದೆ. ಹಾಗಾಗಿ ಅಲ್ಲಿನ ಗಾಳಿಯಲ್ಲಿ ಕರೆಂಟು ಹರಿಯಬಹುದು. ಅದೇ ಬಿಸಿಲಿಗೆ ಕಾದ ಗಾಳಿ ಬೀಸುತ್ತಲೂ ಇರುತ್ತದೆ. ಕರೆಂಟು ಹರಿಯಬಲ್ಲ ವಸ್ತು ಕಾಂತಕ್ಷೇತ್ರದಲ್ಲಿ ಚಲಿಸಿದರೆ ಏನಾಗುತ್ತದೆ? ಸೈಕಲ್ ಡೈನಮೋದಲ್ಲಿ ಆಗುವುದೇ ಅಲ್ಲೂ ಆಗುತ್ತದೆ. 1882ರಲ್ಲಿ ಬಾಲ್ಫೋರ್ ಸ್ಟೂವರ್ಟ್ ಇದನ್ನೇ ಹೇಳಿದ, ಆಗ ಅಯಾನುಗೋಳ ಇದೆ ಅಂತ ಯಾರೂ ತೋರಿಸಿರಲಿಲ್ಲ. ಭೂಮಿಯ ಹಗಲಿನ ಮಗ್ಗುಲಲ್ಲಿ ಉತ್ತರಾರ್ಧಕ್ಕೊಂದು, ದಕ್ಷಿಣಾರ್ಧಕ್ಕೊಂದು ದೊಡ್ಡ ಕರೆಂಟಿನ ಸುಳಿ ಇರುತ್ತದೆ. ನಮ್ಮ ತಲೆ ಮೇಲೆ ಉತ್ತರದ ಸುಳಿಯ ಕೆಳ ಅಂಚು ಪೂರ್ವಕ್ಕೆ ಹರಿಯುತ್ತದೆ. ಅದು ನೆಲದ ಮೇಲೆ ಉತ್ತರ ದಿಕ್ಕಿನ ಬಲವನ್ನು ಸ್ವಲ್ಪ ಹೆಚ್ಚಿಸುತ್ತದೆ. ಅದೇ ನಮ್ಮ ಗುಡ್ಡ.

ದಿನದ ಈ ಅಲುಗಾಟವನ್ನು ಮೊದಲು ಕಂಡವನು ಲಂಡನ್ನಿನ ಗಡಿಯಾರ ತಯಾರಕ ಜಾರ್ಜ್ ಗ್ರಹಾಂ, 1722ರಲ್ಲಿ. ಒಂದು ಉದ್ದ ಕಾಂತಸೂಜಿಯನ್ನು ದಿನಗಟ್ಟಲೆ, ಸಾವಿರಕ್ಕೂ ಹೆಚ್ಚು ಸಲ ನೋಡಿ ಬರೆದುಕೊಂಡ. ಗಡಿಯಾರದವನೇ ಇದನ್ನು ಕಂಡಿದ್ದು ನನಗೆ ಬಹಳ ಇಷ್ಟದ ವಿಷಯ.

ಫೋನ್ ಸಾಲದು

"ಫೋನಲ್ಲೇ ಮ್ಯಾಗ್ನೆಟೋಮೀಟರ್ ಇದೆಯಲ್ಲ" ಅಂತ ಎಲ್ಲರೂ ಕೇಳುತ್ತಾರೆ. ನನ್ನ ಫೋನಿನ ಆ್ಯಪ್ ಮೈಕ್ರೋಟೆಸ್ಲಾದಲ್ಲಿ ದಶಮಾಂಶದ ಒಂದು ಸ್ಥಾನ ತೋರಿಸುತ್ತದೆ. 0.1 ಮೈಕ್ರೋಟೆಸ್ಲಾ ಅಂದರೆ 100 ನ್ಯಾನೋಟೆಸ್ಲಾ. ನಾವು ಹುಡುಕುತ್ತಿರುವ ಗುಡ್ಡವೇ ಅದಕ್ಕಿಂತ ಚಿಕ್ಕದು. ಮೇಲಿಂದ ಫೋನ್ ಬಿಸಿಯಾದರೆ ಅಂಕಿ ಜಾರುತ್ತದೆ, ಪಕ್ಕದ ಮನೆಯವರು ಬೈಕ್ ಹೊರಗೆ ತೆಗೆದರೆ ಜಿಗಿಯುತ್ತದೆ. ಒಂದು ದಿನ ಪೂರ್ತಿ ಮಹಡಿ ಮೇಲೆ ಇಟ್ಟು ನೋಡಿದ್ದೇನೆ, ಬಿಸಿಲಿನ ಬಿಸಿ ಬಿಟ್ಟು ಬೇರೇನೂ ಅಳತೆಗೆ ಸಿಗಲಿಲ್ಲ.

ಹಾಗಾಗಿ ವೀಕ್ಷಣಾಲಯದ ದತ್ತಾಂಶವನ್ನೇ ತೆಗೆದುಕೊಳ್ಳಿ. ಇಂಟರ್‌ಮ್ಯಾಗ್ನೆಟ್ ಅನ್ನೋ ಅಂತಾರಾಷ್ಟ್ರೀಯ ಜಾಲ ನಿಮಿಷ ನಿಮಿಷದ ಅಂಕಿಗಳನ್ನು ಓದಿಗೆ, ಸಂಶೋಧನೆಗೆ ಉಚಿತವಾಗಿ ಕೊಡುತ್ತದೆ. ನಮಗೆ ಹತ್ತಿರದವು ಹೈದರಾಬಾದ್ ಮತ್ತು ಅಲಿಬಾಗ್. ಹೈದರಾಬಾದಿನದನ್ನು ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯಾದ ಎನ್‌ಜಿಆರ್‌ಐ ನಡೆಸುತ್ತದೆ. ಅಲಿಬಾಗಿನದು ಭಾರತೀಯ ಭೂಕಾಂತತ್ವ ಸಂಸ್ಥೆಯದು, ಅದರ ಹಿಂದೆ ದೊಡ್ಡ ಕಥೆಯೇ ಇದೆ. ಮುಂಬೈಯ ಕೊಲಾಬಾದಲ್ಲಿ 1841ರಿಂದಲೇ ಕಾಂತಕ್ಷೇತ್ರ ಅಳೆಯುತ್ತಿದ್ದರು. ಊರಿಗೆ ಕರೆಂಟಿನ ಟ್ರಾಮ್ ಬರುವುದು ಖಚಿತವಾದಾಗ ಅದರ ಗದ್ದಲದಲ್ಲಿ ಅಳತೆ ಹಾಳಾಗುತ್ತದೆ ಅಂತ 1904ರಲ್ಲಿ ಅಲಿಬಾಗಿಗೆ ಹೋದರು. ಎರಡೂ ಕಡೆ ಸ್ವಲ್ಪ ಕಾಲ ಒಟ್ಟಿಗೆ ಅಳೆದು, ಹಳೆ ಸರಣಿಗೂ ಹೊಸ ಸರಣಿಗೂ ಗಂಟು ಹಾಕಿದರು. ಆ ಶಿಸ್ತಿನಿಂದಲೇ ಇವತ್ತು ನಮ್ಮ ಕೈಗೆ ಅಷ್ಟು ಉದ್ದದ ದಾಖಲೆ ಸಿಕ್ಕಿದೆ.

ಫೈಲ್ ಇಳಿಸಿಕೊಂಡ ಮೇಲೆ ಮೊದಲು ಮಾಡಬೇಕಾದ್ದು ಒಂದೇ. 99999 ಅಂತ ಇರುವ ಸಾಲುಗಳನ್ನು ಖಾಲಿ ಮಾಡಿ. ಅದು ಅಳತೆಯಲ್ಲ, "ಇಲ್ಲಿ ಅಂಕಿ ಸಿಕ್ಕಿಲ್ಲ" ಅನ್ನುವ ಗುರುತು. 88888 ಕಂಡರೂ ಅಷ್ಟೆ, ಅದು ದಾಖಲಿಸಿಯೇ ಇಲ್ಲ ಅಂತ. ಇಂಥ ಒಂದು ಸಾಲು ಉಳಿದರೂ ಆ ಗಂಟೆಯ ಸರಾಸರಿ ಆಕಾಶಕ್ಕೆ ಹಾರುತ್ತದೆ. ಆಮೇಲೆ, ಫೈಲಿನಲ್ಲಿ ಉತ್ತರದ ಭಾಗ ಮತ್ತು ಪೂರ್ವದ ಭಾಗ ಬೇರೆ ಬೇರೆ ಇದ್ದರೆ ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ. ಸಿಗುವುದು ನೆಲಕ್ಕೆ ಸಮಾಂತರವಾದ ಬಲ. ಇಲ್ಲಿಂದ ಮುಂದೆ ಸುಮ್ನೆ "ಬಲ" ಅಂದರೆ ಇದೇ.

ಯಾವ ದಿನ ತಗೊಳ್ಳಬೇಕು

ಸಿಕ್ಕ ದಿನ ತಗೊಂಡರೆ ಆಗುವುದಿಲ್ಲ. ಸೂರ್ಯನಿಂದ ಬಿರುಗಾಳಿ ಬಂದ ದಿನ ಈ ಸಣ್ಣ ಗುಡ್ಡ ಕಾಣುವುದೇ ಇಲ್ಲ. 2024ರ ಮೇ 10, 11ರ ಬಿರುಗಾಳಿ ನೆನಪಿರಬಹುದು, ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದು. ಅಂಥ ದಿನದ ಅಂಕಿಗೆ ನಮ್ಮ ಸೂತ್ರ ಹಾಕಿದರೆ ಏನೋ ಒಂದು ಉತ್ತರ ಬಂದೇ ಬರುತ್ತದೆ, ಆದರೆ ಅದಕ್ಕೆ ಅರ್ಥ ಇರುವುದಿಲ್ಲ. 1859ರ ಸೆಪ್ಟೆಂಬರಿನ ಬಿರುಗಾಳಿಯಲ್ಲಿ ಕೊಲಾಬಾದ ಬಲ ಸುಮಾರು 1,600 ನ್ಯಾನೋಟೆಸ್ಲಾ ಕುಸಿದಿತ್ತು. ಅದರ ಮುಂದೆ ನಮ್ಮ ನಲವತ್ತು ಐವತ್ತು ಯಾವ ಲೆಕ್ಕ?

ಇದಕ್ಕೆ ದಾರಿ ಸುಲಭ. ಜರ್ಮನಿಯ ಪಾಟ್ಸ್‌ಡಾಮಿನಲ್ಲಿರುವ ಜಿಎಫ್‌ಝಡ್ ಸಂಸ್ಥೆ, ಕಾಂತಕ್ಷೇತ್ರ ಎಷ್ಟು ಕಲಕಿದೆ ಅಂತ ಹೇಳುವ ಕೆಪಿ ಅನ್ನೋ ಸೂಚ್ಯಂಕ ಕೊಡುತ್ತದೆ. ಮೂರು ಗಂಟೆಗೊಂದು ಅಂಕಿ, 0ಯಿಂದ 9ರವರೆಗೆ. ಪ್ರತಿ ತಿಂಗಳಿನ ಅತಿ ಶಾಂತ ಐದು ದಿನಗಳ ಪಟ್ಟಿಯನ್ನೂ ಅಲ್ಲೇ ಹಾಕುತ್ತಾರೆ. ಆ ಐದನ್ನು ಬರೆದುಕೊಳ್ಳಿ.

ಆದರೆ ಇಲ್ಲೊಂದು ತೊಡಕಿದೆ, ನಮ್ಮ ಕಡೆಯವರು ಇದನ್ನು ಗಮನಿಸಲೇಬೇಕು. ಆ ಪಟ್ಟಿಯ "ದಿನ" ಗ್ರೀನಿಚ್ ಲೆಕ್ಕದ್ದು. ಅದು ಶುರುವಾಗುವುದು ನಮ್ಮ ಬೆಳಿಗ್ಗೆ 5:30ಕ್ಕೆ. ನಮ್ಮ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ದಿನ ಕತ್ತರಿಸಿದರೆ, ಮೊದಲ ಐದೂವರೆ ಗಂಟೆ ಹಿಂದಿನ ಗ್ರೀನಿಚ್ ದಿನಕ್ಕೆ ಸೇರುತ್ತದೆ. ಆದ್ದರಿಂದ ಪಟ್ಟಿಯ ದಿನ ಮಾತ್ರವಲ್ಲ, ಅದರ ಹಿಂದಿನ ದಿನದ ಕೊನೆಯ ಎರಡು ಕೆಪಿ ಅಂಕಿಗಳೂ 2ರ ಒಳಗಿವೆಯಾ ಅಂತ ನೋಡಿ. ಇಲ್ಲದಿದ್ದರೆ ಆ ದಿನ ಬಿಟ್ಟುಬಿಡಿ. ನಾಲ್ಕು ಒಳ್ಳೆ ದಿನ ಐದು ಅರೆಬರೆ ದಿನಕ್ಕಿಂತ ಮೇಲು.

ಗಡಿಯಾರ

ಅಕ್ಕನ ಮಗಳು ಸಿಕ್ಕಿಬಿದ್ದಿದ್ದು ಇಲ್ಲೇ. ಫೈಲಿನ ಸಮಯ ಗ್ರೀನಿಚ್ ಸಮಯ. ನಮ್ಮ ಹನ್ನೊಂದು ಗಂಟೆಯ ತುದಿ ಅದರಲ್ಲಿ ಬೆಳಿಗ್ಗೆ ಆರರ ಆಸುಪಾಸಿಗೆ ಬೀಳುತ್ತದೆ. "ಹಾಗಾದ್ರೆ ಐದೂವರೆ ಗಂಟೆ ಕೂಡಿಸಿದ್ರೆ ಆಯ್ತಲ್ಲ ಮಾಮ?" ಅಂದಳು. ಆಗುವುದಿಲ್ಲ. ಐದೂವರೆ ಗಂಟೆ ಸರ್ಕಾರದ ಸಮಯ, 82.5 ಡಿಗ್ರಿ ರೇಖಾಂಶದ್ದು. ತಲೆ ಮೇಲಿನ ಕರೆಂಟು ಸೂರ್ಯನನ್ನು ನೋಡುತ್ತದೆ, ಗೋಡೆ ಗಡಿಯಾರವನ್ನಲ್ಲ.

ಲೆಕ್ಕ ಹೀಗೆ. ರೇಖಾಂಶವನ್ನು 15ರಿಂದ ಭಾಗಿಸಿ, ಬಂದಷ್ಟು ಗಂಟೆಯನ್ನು ಗ್ರೀನಿಚ್ ಸಮಯಕ್ಕೆ ಕೂಡಿಸಿ. ದಾವಣಗೆರೆ 75.9 ಡಿಗ್ರಿಯಲ್ಲಿದೆ, ಅಂದರೆ 5 ಗಂಟೆ 4 ನಿಮಿಷ. ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದಲ್ಲಿ ಸರಾಸರಿ 12:26ಕ್ಕೆ. ಚಿತ್ರದುರ್ಗ ಸ್ವಲ್ಪ ಪೂರ್ವಕ್ಕಿದೆ, ಅಲ್ಲಿ ಎರಡು ನಿಮಿಷ ಮುಂಚೆ. ಆದರೆ ಅಂಕಿ ಹೈದರಾಬಾದಿನದಾದರೆ ಹೈದರಾಬಾದಿನ ರೇಖಾಂಶವನ್ನೇ ಹಾಕಬೇಕು. ಅದು ಸುಮಾರು 78.5, ಅಂದರೆ 5 ಗಂಟೆ 14 ನಿಮಿಷ. ಅಲ್ಲಿನ ಸೂರ್ಯನ ಮಧ್ಯರಾತ್ರಿ ಫೈಲಿನಲ್ಲಿ ಹಿಂದಿನ ದಿನದ 18:46ಕ್ಕೆ ಬರುತ್ತದೆ. ಆ ಸಾಲಿನಿಂದ ಶುರು ಮಾಡಿ 1,440 ಸಾಲು ಕತ್ತರಿಸಿ. ಅದೇ ನಿಮ್ಮ ಒಂದು ದಿನ. (ವರ್ಷದಲ್ಲಿ ಸೂರ್ಯ ಗಡಿಯಾರಕ್ಕಿಂತ ಕಾಲು ಗಂಟೆವರೆಗೆ ಹಿಂದೆ ಮುಂದೆ ಆಗುತ್ತಾನೆ, ಫೆಬ್ರುವರಿಯಲ್ಲಿ ಹಿಂದೆ, ನವೆಂಬರಿನಲ್ಲಿ ಮುಂದೆ. ಮೊದಲ ಸಲ ಮಾಡುವವರು ಅದನ್ನು ಬಿಡಬಹುದು.)

ಈಗ 60 ಸಾಲಿಗೊಂದರಂತೆ ಸರಾಸರಿ ತೆಗೆದು 24 ಅಂಕಿ ಮಾಡಿ. ಮೊದಲ ಗಂಟೆಯ ಸರಾಸರಿ 0 ಗಂಟೆಯದ್ದಲ್ಲ, ಅದು 0:30ರದ್ದು. ಸಮಯದ ಕಾಲಮ್ಮಿನಲ್ಲಿ 0.5, 1.5, 2.5 ಅಂತ ಬರೆಯಿರಿ. ಇದನ್ನು ಮರೆತರೆ ಎಲ್ಲ ತುದಿಗಳೂ ಅರ್ಧ ಗಂಟೆ ಮುಂಚೆ ಬಂದ ಹಾಗೆ ಕಾಣುತ್ತವೆ, ಆಮೇಲೆ ಯಾಕೆ ಅಂತ ಹುಡುಕುವುದು ಬಹಳ ಕಷ್ಟ. ಗಂಟೆಯ ಸರಾಸರಿ ತೆಗೆದಾಗ ಅಲೆಗಳ ಎತ್ತರವೂ ಒಂಚೂರು ಕುಗ್ಗುತ್ತದೆ. 24 ಗಂಟೆಯ ಅಲೆಗೆ ಶೇ. 0.3, 6 ಗಂಟೆಯ ಅಲೆಗೆ ಶೇ. 4.5 ಅಷ್ಟೆ.

ನೆಲ ಸಮ ಮಾಡುವುದು

40,000 ಅನ್ನೋ ದೊಡ್ಡ ಅಂಕಿ ನಮಗೆ ಬೇಡ. ಮಧ್ಯರಾತ್ರಿಯ ಆಚೆ ಈಚೆಯ ನಾಲ್ಕು ಗಂಟೆಗಳ ಸರಾಸರಿ ತೆಗೆದು ಎಲ್ಲದರಿಂದ ಕಳೆಯಿರಿ. ರಾತ್ರಿ ಆ ಕರೆಂಟು ಹೆಚ್ಚುಕಡಿಮೆ ನಿಂತೇ ಹೋಗಿರುತ್ತದೆ, ಹಾಗಾಗಿ ಅದೇ ನಮ್ಮ ಸೊನ್ನೆ.

ಇನ್ನೊಂದು ಕೆಲಸ ಇದೆ. ಹಿಂದೆ ಯಾವುದೋ ಬಿರುಗಾಳಿ ಬಂದು ಹೋಗಿದ್ದರೆ ಬಲ ನಿಧಾನವಾಗಿ ಚೇತರಿಸಿಕೊಳ್ಳುತ್ತಿರುತ್ತದೆ. ಆಗ ಇವತ್ತಿನ ಮಧ್ಯರಾತ್ರಿಗಿಂತ ನಾಳಿನ ಮಧ್ಯರಾತ್ರಿ ನಾಲ್ಕೈದು ನ್ಯಾನೋಟೆಸ್ಲಾ ಮೇಲಿರುತ್ತದೆ. ಈ ವ್ಯತ್ಯಾಸವನ್ನು 24ರಿಂದ ಭಾಗಿಸಿ, ಸಮಯದಿಂದ ಗುಣಿಸಿ, ಆಯಾ ಗಂಟೆಯ ಅಂಕಿಯಿಂದ ಕಳೆಯಿರಿ. ಗುಡ್ಡದ ಕೆಳಗಿನ ನೆಲವನ್ನು ಮಟ್ಟ ಮಾಡಿದ ಹಾಗೆ.

ಸೂತ್ರ

ದಿನ ಮತ್ತೆ ಮತ್ತೆ ಬರುತ್ತದೆ, ಹಾಗಾಗಿ ಅಲೆಗಳಲ್ಲಿ ಬರೆಯುತ್ತೇವೆ. 24 ಗಂಟೆಗೆ ಒಂದು ಸುತ್ತು ಅಂದರೆ ಗಂಟೆಗೆ 15 ಡಿಗ್ರಿ. ಸಮಯವನ್ನು "ಸ" ಅಂತ, ನಾವು ಹುಡುಕಬೇಕಾದ ಎರಡು ಅಂಕಿಗಳನ್ನು ಅ1, ಬ1 ಅಂತ ಬರೆದರೆ ಒಂದು ಅಲೆಯ ಸೂತ್ರ ಇದು:

ಬಲ = ಸರಾಸರಿ + ಅ1 × ಕಾಸ್(15 × ಸ) + ಬ1 × ಸೈನ್(15 × ಸ)

ಅಕ್ಕನ ಮಗಳ ಪ್ರಶ್ನೆ ಸರಿಯಾಗಿಯೇ ಇತ್ತು: "ಸೂರ್ಯ ದಿನಕ್ಕೆ ಒಂದೇ ಸಲ ಬರ್ತಾನೆ, ಹಾಗಾದ್ರೆ ಒಂದೇ ಅಲೆ ಯಾಕೆ ಸಾಲಲ್ಲ?" ಬಾಯಲ್ಲಿ ಹೇಳುವುದಕ್ಕಿಂತ ಲೆಕ್ಕದಲ್ಲಿ ತೋರಿಸುವುದು ಮೇಲು. ಕೈಯಲ್ಲೇ ಮಾಡಲು ಬರುವ ಹಾಗೆ ಮೂರು ಗಂಟೆಗೊಂದರಂತೆ ಎಂಟು ಅಂಕಿ ತಗೊಳ್ಳೋಣ. ಇವು ಅಭ್ಯಾಸಕ್ಕೆ ನಾನೇ ಬರೆದುಕೊಂಡವು, ಯಾವ ವೀಕ್ಷಣಾಲಯದ್ದೂ ಅಲ್ಲ. ರಾತ್ರಿ 12ಕ್ಕೆ 0, 3ಕ್ಕೆ 0, ಬೆಳಿಗ್ಗೆ 6ಕ್ಕೆ 2, 9ಕ್ಕೆ 25, ಮಧ್ಯಾಹ್ನ 12ಕ್ಕೆ 48, 3ಕ್ಕೆ 20, ಸಂಜೆ 6ಕ್ಕೆ 3, ರಾತ್ರಿ 9ಕ್ಕೆ 0.

ಒಟ್ಟು 98, ಎಂಟರಿಂದ ಭಾಗಿಸಿದರೆ ಸರಾಸರಿ 12.25. ಅ1 ಬೇಕಾದರೆ ಪ್ರತಿ ಅಂಕಿಯನ್ನು ಅದರ ಗಂಟೆಯ ಕಾಸ್(15 × ಸ)ದಿಂದ ಗುಣಿಸಿ, ಎಲ್ಲ ಕೂಡಿಸಿ, ಅಂಕಿಗಳ ಸಂಖ್ಯೆಯ ಅರ್ಧದಿಂದ, ಇಲ್ಲಿ 4ರಿಂದ, ಭಾಗಿಸಿ. ಬ1ಕ್ಕೆ ಕಾಸ್ ಬದಲು ಸೈನ್. ಮಾಡಿದರೆ ಅ1 = −19.95, ಬ1 = 0.63 ಬರುತ್ತದೆ. ಈಗ ಈ ಒಂದು ಅಲೆ ಏನು ಹೇಳುತ್ತದೆ ನೋಡಿ. ಮಧ್ಯಾಹ್ನ 32 ಅನ್ನುತ್ತದೆ, ನಿಜ 48. ಮಧ್ಯರಾತ್ರಿ −7.7 ಅನ್ನುತ್ತದೆ, ನಿಜ 0. ಬೆಳಿಗ್ಗೆ ಆರಕ್ಕೆ ಸುಮಾರು 13 ಅನ್ನುತ್ತದೆ, ನಿಜ ಬರೀ 2. ಅಲೆ ಹಗಲು ಎಷ್ಟು ಏರುತ್ತದೋ ರಾತ್ರಿ ಅಷ್ಟೇ ಇಳಿಯಲೇಬೇಕು, ಅದರ ಹುಟ್ಟುಗುಣವೇ ಅದು. ನಮ್ಮ ರಾತ್ರಿ ಇಳಿಯುವುದಿಲ್ಲ, ಸುಮ್ನೆ ಮಲಗಿರುತ್ತದೆ.

ಅದಕ್ಕೇ 12 ಗಂಟೆಯ ಅಲೆ ಸೇರಿಸುತ್ತೇವೆ. ಗಂಟೆಗೆ 30 ಡಿಗ್ರಿ. ಅದೇ ರೀತಿ ಲೆಕ್ಕ ಹಾಕಿದರೆ ಅ2 = 10.75, ಬ2 = −1.25. ಈ ಅಲೆ ಮಧ್ಯಾಹ್ನ 12ಕ್ಕೂ ಮೇಲೆ, ರಾತ್ರಿ 12ಕ್ಕೂ ಮೇಲೆ, ಬೆಳಿಗ್ಗೆ ಸಂಜೆ ಆರಕ್ಕೆ ಕೆಳಗೆ. ಮಧ್ಯಾಹ್ನ ಮೊದಲ ಅಲೆಯ ಜೊತೆ ಕೂಡಿ ತುದಿಯನ್ನು ಎತ್ತುತ್ತದೆ, ಮಧ್ಯರಾತ್ರಿ ಅದರ ವಿರುದ್ಧ ನಿಂತು ಹಳ್ಳವನ್ನು ತುಂಬುತ್ತದೆ. ಎರಡೂ ಸೇರಿ ಮಧ್ಯಾಹ್ನ 43, ಮಧ್ಯರಾತ್ರಿ 3, ಬೆಳಿಗ್ಗೆ ಆರಕ್ಕೆ 2.1. ಎಷ್ಟು ಹತ್ತಿರ ಬಂತು ಅಲ್ವಾ? 8 ಗಂಟೆಯ ಅಲೆ ಸೇರಿಸಿ, ಗಂಟೆಗೆ 45 ಡಿಗ್ರಿ: ಅ3 = −4.05, ಬ3 = 1.13. ಮಧ್ಯಾಹ್ನ 47, ಮಧ್ಯರಾತ್ರಿ −1. ಕೊನೆಗೆ 6 ಗಂಟೆಯ ಅಲೆ ಗಂಟೆಗೆ 60 ಡಿಗ್ರಿ, ಎತ್ತರ 1. (ಎಂಟೇ ಅಂಕಿ ಇರುವಾಗ ಈ ಕೊನೆಯದಕ್ಕೆ ಸೈನ್ ಭಾಗ ಸಿಗುವುದಿಲ್ಲ, ಭಾಗಿಸುವುದೂ 8ರಿಂದ. 24 ಅಂಕಿ ಇದ್ದಾಗ ಈ ತಾಪತ್ರಯ ಇಲ್ಲ, ನಾಲ್ಕಕ್ಕೂ 12ರಿಂದಲೇ ಭಾಗಿಸಿ.) ಅದನ್ನೂ ಕೂಡಿಸಿದರೆ ಮಧ್ಯಾಹ್ನ 48, ಮಧ್ಯರಾತ್ರಿ 0. ಪೂರ್ತಿ ಕೂಡಿಬಂತು.

ಹಾಗಾಗಿ ರಾತ್ರಿಯ ಚಪ್ಪಟೆ ಬಯಲು ಗಣಿತದಲ್ಲಿ ನಾಲ್ಕು ಅಲೆಗಳು ಒಂದನ್ನೊಂದು ಅಳಿಸಿಹಾಕಿ ಆದದ್ದು. ಅಯಾನುಗೋಳದಲ್ಲಿ ಎಂಟು ಗಂಟೆಗೊಮ್ಮೆ ತಿರುಗುವ ಯಾವುದೋ ಯಂತ್ರ ಇದೆ ಅಂತ ಇದರಿಂದ ತಿಳಿಯಬಾರದು. ಅಲ್ಲಿರುವುದು ಹಗಲು ಹರಿಯುವ, ರಾತ್ರಿ ನಿಲ್ಲುವ ಕರೆಂಟು.

ಅಂಕಿಗಳನ್ನು ಓದುವುದು

ಅ ಮತ್ತು ಬ ಹಾಗೇ ನೋಡಿದರೆ ಏನೂ ಹೇಳುವುದಿಲ್ಲ. ಪ್ರತಿ ಅಲೆಗೆ ಎತ್ತರ ಮತ್ತು ತುದಿಯ ಸಮಯ ಬೇಕು. ಎತ್ತರಕ್ಕೆ ಎರಡರ ವರ್ಗ ಕೂಡಿಸಿ ವರ್ಗಮೂಲ. ತುದಿಯ ಸಮಯಕ್ಕೆ ಕೋನ ಹುಡುಕಿ, ಆ ಅಲೆಯ ಡಿಗ್ರಿಯಿಂದ, ಅಂದರೆ 15, 30, 45 ಅಥವಾ 60ರಿಂದ, ಭಾಗಿಸಿ. ದಿನಕ್ಕೆ ಒಂದಕ್ಕಿಂತ ಹೆಚ್ಚು ತುದಿ ಇರುವ ಅಲೆಗೆ ಅದರ ಅವಧಿ ಕೂಡಿಸುತ್ತಾ ಹೋಗಿ ಮಧ್ಯಾಹ್ನಕ್ಕೆ ಹತ್ತಿರದ ತುದಿ ತಗೊಳ್ಳಿ. ನಮ್ಮ ಉದಾಹರಣೆಯಲ್ಲಿ ಮೊದಲ ಅಲೆಯ ಎತ್ತರ 20, ತುದಿ 11:53ಕ್ಕೆ. ಎರಡನೆಯದು 10.8, 11:47ಕ್ಕೆ. ಮೂರನೆಯದು 4.2, 11:39ಕ್ಕೆ. ಮೂರೂ ಅಲೆಗಳು ಬೇರೆ ಬೇರೆ ವೇಗದವು, ಆದರೂ ಎಲ್ಲವೂ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಒಂದೇ ಕಡೆ ತುದಿ ಮುಟ್ಟುತ್ತಿವೆ. ಇದು ಸೂರ್ಯನ ಕೆಲಸ ಅಂತ ಹೇಳುವುದು ಈ ಹೊಂದಾಣಿಕೆಯೇ. ನಿಮ್ಮ ಲೆಕ್ಕದಲ್ಲಿ ಒಂದು ತುದಿ ಹನ್ನೊಂದಕ್ಕೆ, ಇನ್ನೊಂದು ಎರಡಕ್ಕೆ, ಮತ್ತೊಂದು ಎಂಟಕ್ಕೆ ಬಂದರೆ ಸೂತ್ರ ತಿದ್ದಲು ಹೋಗಬೇಡಿ. ವಾಪಸ್ ಹೋಗಿ ಗಡಿಯಾರ ನೋಡಿ, ದಿನ ನೋಡಿ.

ಎಕ್ಸೆಲ್‌ನಲ್ಲಿ ಮಾಡುವವರಿಗೆ ಮೂರು ಮಾತು. ಸೈನ್, ಕಾಸ್ ಅಲ್ಲಿ ಡಿಗ್ರಿ ಕೇಳುವುದಿಲ್ಲ, ರೇಡಿಯನ್ ಕೇಳುತ್ತವೆ, ಹಾಗಾಗಿ ಒಳಗೆ ರೇಡಿಯನ್ಸ್ ಫಂಕ್ಷನ್ ಹಾಕಿ. ಕೋನಕ್ಕೆ ಎಟ್ಯಾನ್2 (ATAN2) ಬಳಸಿ, ಸಾದಾ ಎಟ್ಯಾನ್ ಬಳಸಿದರೆ ತುದಿಯೂ ತಳವೂ ಅದಲು ಬದಲಾಗಬಹುದು. ಎಕ್ಸೆಲ್‌ನ ಎಟ್ಯಾನ್2 ಮೊದಲು ಅ, ಆಮೇಲೆ ಬ ಕೇಳುತ್ತದೆ, ಪೈಥಾನ್‌ನಲ್ಲಿ ಇದು ಉಲ್ಟಾ. ಇನ್ನು, ಕೆಲವು ಗಂಟೆಯ ಅಂಕಿ ಇಲ್ಲದಿದ್ದರೆ ಮೇಲಿನ ಗುಣಿಸು, ಕೂಡಿಸು, ಭಾಗಿಸು ವಿಧಾನ ನಡೆಯುವುದಿಲ್ಲ, ಯಾಕೆಂದರೆ ಅಲೆಗಳು ಒಂದಕ್ಕೊಂದು ತಾಕದೆ ಇರಬೇಕಾದರೆ ಅಂಕಿಗಳು ದಿನವಿಡೀ ಸಮನಾಗಿ ಹರಡಿರಬೇಕು. ಆಗ ಲೈನ್‌ಎಸ್ಟ್ (LINEST) ಬಳಸಿ. ಎಂಟು ಕಾಲಮ್ಮುಗಳಲ್ಲಿ ನಾಲ್ಕು ಅಲೆಗಳ ಕಾಸ್, ಸೈನ್ ಬರೆದು ಕೊಟ್ಟರೆ ಕನಿಷ್ಠ ವರ್ಗಗಳ ವಿಧಾನದಲ್ಲಿ ಅದೇ ಹುಡುಕಿಕೊಡುತ್ತದೆ. ಉತ್ತರ ಮಾತ್ರ ಹಿಂದುಮುಂದಾಗಿ ಬರುತ್ತದೆ, ಕೊನೆಯ ಕಾಲಮ್ಮಿನದು ಮೊದಲು. ಇದು ಗೊತ್ತಿಲ್ಲದೆ ಅಕ್ಕನ ಮಗಳು ಒಂದು ಸಂಜೆ ಪೂರ್ತಿ ಕಳೆದಳು.

ನಾಲ್ಕೇ ಅಲೆ ಯಾಕೆ? ಪ್ರತಿ ಗಂಟೆಗೆ ನಿಜವಾದ ಬಲದಿಂದ ಸೂತ್ರದ ಬಲ ಕಳೆದು ಉಳಿಕೆಯನ್ನು ಗ್ರಾಫ್ ಮಾಡಿ ನೋಡಿ. ಶಾಂತ ದಿನದ ರಾತ್ರಿ ರೇಖೆ ತಾನೇ ಎಷ್ಟು ನಡುಗುತ್ತದೋ ಉಳಿಕೆಯೂ ಅಷ್ಟಕ್ಕೆ ಇಳಿದರೆ ನಿಲ್ಲಿಸಿ. ಸಾಮಾನ್ಯವಾಗಿ ನಾಲ್ಕಕ್ಕೆ ಅದು ಆಗುತ್ತದೆ. ಗಂಟೆಗೊಂದು ಅಂಕಿ ಇದ್ದರೆ ಹನ್ನೆರಡು ಅಲೆವರೆಗೆ ಹೋಗಬಹುದು, ಆದರೆ ಐದರಾಚೆ ನೀವು ಹಿಡಿಯುವುದು ಸೂರ್ಯನನ್ನಲ್ಲ, ಗದ್ದಲವನ್ನು.

ಐದು ದಿನಗಳ ಫಲ ಸೇರಿಸುವಾಗ ಎತ್ತರಗಳ ಸರಾಸರಿ ತೆಗೆಯಬೇಡಿ, ಸಮಯಗಳ ಸರಾಸರಿಯನ್ನೂ ತೆಗೆಯಬೇಡಿ. ಅ ಅಂಕಿಗಳ ಸರಾಸರಿ, ಬ ಅಂಕಿಗಳ ಸರಾಸರಿ ತೆಗೆದು, ಆಮೇಲೆ ಎತ್ತರ ಸಮಯ ಕಂಡುಹಿಡಿಯಿರಿ. ಒಂದು ದಿನದ ತುದಿ ರಾತ್ರಿ 11:50, ಇನ್ನೊಂದರದು 12:10 ಇದ್ದರೆ ಗಡಿಯಾರದ ಸರಾಸರಿ ಮಧ್ಯಾಹ್ನಕ್ಕೆ ಹೋಗಿಬಿಡುತ್ತದೆ. ಅ, ಬ ಸರಾಸರಿಯಲ್ಲಿ ಈ ಅಪಾಯ ಇಲ್ಲ.

ತಿಂಗಳು, ವರ್ಷ, ಚಂದ್ರ

ಒಂದು ತಿಂಗಳ ಸೂತ್ರ ಇನ್ನೊಂದಕ್ಕೆ ಹೊಂದುವುದಿಲ್ಲ. ಋತು ಬದಲಾದರೆ ಅ, ಬ ಬದಲಾಗುತ್ತವೆ. ಹಾಗಾಗಿ ಅವಕ್ಕೇ ವರ್ಷದ ಒಂದು ಅಲೆ, ಆರು ತಿಂಗಳ ಒಂದು ಅಲೆ ಹಾಕಿ ಬರೆಯುತ್ತಾರೆ. ಸೂರ್ಯನ ಕಲೆಗಳು ಜಾಸ್ತಿ ಇರುವ ವರ್ಷ ಗುಡ್ಡ ಎತ್ತರ, ಕಡಿಮೆ ಇರುವ ವರ್ಷ ಗಿಡ್ಡ. 1852ರಲ್ಲೇ ರುಡಾಲ್ಫ್ ವೂಲ್ಫ್ ಇದನ್ನು ಕಂಡು, ದಿನದ ಏರಿಳಿತ = ಒಂದು ಸ್ಥಿರಾಂಕ + ಇನ್ನೊಂದು ಸ್ಥಿರಾಂಕ × ಕಲೆಗಳ ಸಂಖ್ಯೆ ಅಂತ ಸರಳ ರೇಖೆಯಲ್ಲಿ ಬರೆದ. ಇವತ್ತಿಗೂ ಅದು ಒಳ್ಳೆ ಮೊದಲ ಹೆಜ್ಜೆ. ಚಂದ್ರನದೂ ಒಂದು ಅಲೆ ಇದೆ, ಅವಧಿ 12 ಗಂಟೆ 25 ನಿಮಿಷ, ಸೂರ್ಯನದರ ಹತ್ತನೇ ಒಂದರಷ್ಟು. ಅದನ್ನು ಬೇರ್ಪಡಿಸಲು ತಿಂಗಳುಗಟ್ಟಲೆ ಅಂಕಿ ಬೇಕು.

ಇಡೀ ಭೂಗೋಳಕ್ಕೆ ಬರೆಯಬೇಕಾದರೆ ಗೌಸ್ ಭೂಮಿಯ ಕಾಂತಕ್ಷೇತ್ರಕ್ಕೆ ಬಳಸಿದ ಗೋಳದ ಹಾರ್ಮೋನಿಕ್‌ಗಳು, ಅಂದರೆ ಗೋಳದ ಮೈಮೇಲೆ ಹರಡುವ ಅಲೆಗಳು, ಬೇಕು. 1889ರಲ್ಲಿ ಆರ್ಥರ್ ಶುಸ್ಟರ್ ಅವನ್ನು ಬಳಸಿ ಈ ದಿನದ ಏರಿಳಿತದ ದೊಡ್ಡ ಪಾಲು ಮೇಲಿನಿಂದ, ಸಣ್ಣ ಪಾಲು ಭೂಮಿಯೊಳಗೆ ಹುಟ್ಟುವ ಪ್ರೇರಿತ ಕರೆಂಟಿನಿಂದ ಅಂತ ಬೇರ್ಪಡಿಸಿದ. ನೆಲದ ಮೇಲಿನ ಅಂಕಿ ಮಾತ್ರ ಹಿಡಿದು ಮೇಲು ಕೆಳಗು ಹೇಳಿದ್ದು ನನ್ನ ಮಟ್ಟಿಗೆ ಗಣಿತದ ಅತ್ಯಂತ ಸುಂದರ ಕೆಲಸಗಳಲ್ಲಿ ಒಂದು.

ನಮ್ಮೂರಿಗೆ ತರುವುದು

ಹೈದರಾಬಾದಿನ ಸೂತ್ರ ದಾವಣಗೆರೆಗೆ ಬೇಕಾದರೆ ಮೊದಲ ಕೆಲಸ ಸುಲಭ. ಸೂತ್ರದ "ಸ" ಇನ್ನು ದಾವಣಗೆರೆಯ ಸೂರ್ಯನ ಸಮಯ. ಗೋಡೆ ಗಡಿಯಾರದಲ್ಲಿ ನಮ್ಮ ತುದಿ ಅಲ್ಲಿಗಿಂತ ಹತ್ತು ನಿಮಿಷ ತಡ, ಚಿತ್ರದುರ್ಗದಲ್ಲಿ ಎಂಟು ನಿಮಿಷ. ಎತ್ತರದ್ದು ಸ್ವಲ್ಪ ಕಷ್ಟ. ದಕ್ಷಿಣಕ್ಕೆ ಹೋದಂತೆ ಗುಡ್ಡ ಬೆಳೆಯುತ್ತದೆ. ಭಾರತದ ತುದಿಯಲ್ಲಿ, ಕಾಂತಕ್ಷೇತ್ರ ನೆಲಕ್ಕೆ ಪೂರ್ತಿ ಸಮಾಂತರವಾಗಿರುವ ಕಾಂತ ಸಮಭಾಜಕದ ಮೇಲೆ, ಕರೆಂಟು ಕಿರಿದಾದ ಪಟ್ಟಿಯಲ್ಲಿ ಒತ್ತರಿಸಿ ಹರಿಯುತ್ತದೆ. 1951ರಲ್ಲಿ ಸಿಡ್ನಿ ಚಾಪ್‌ಮನ್ ಇದಕ್ಕೆ ಸಮಭಾಜಕ ಎಲೆಕ್ಟ್ರೋಜೆಟ್ ಅಂತ ಹೆಸರಿಟ್ಟ. 1963ರ ನವೆಂಬರ್ 21ರಂದು ನಮ್ಮ ನೆಲದಿಂದ ಮೊದಲ ರಾಕೆಟ್ ಹಾರಿಸಲು ಕೇರಳದ ತುಂಬಾವನ್ನು ಆರಿಸಿದ್ದೂ ಆ ಪಟ್ಟಿ ಅಲ್ಲಿದೆ ಅಂತಲೇ. ತಿರುನೆಲ್ವೇಲಿಯ ಗುಡ್ಡದಿಂದ ಅಲಿಬಾಗಿನ ಗುಡ್ಡ ಕಳೆದರೆ ಎಲೆಕ್ಟ್ರೋಜೆಟ್ಟಿನ ಪಾಲು ಸಿಗುತ್ತದೆ. ನಾವು ಆ ಪಟ್ಟಿಯ ಹೊರಗಿದ್ದೇವೆ, ಆದರೂ ಹೈದರಾಬಾದಿಗಿಂತ ಅದಕ್ಕೆ ಹತ್ತಿರ. ಹಾಗಾಗಿ ಅಲ್ಲಿನ ಎತ್ತರವನ್ನು ಇಲ್ಲಿಗೆ ಕನಿಷ್ಠ ಅಂದಾಜು ಅಂತ ಇಟ್ಟುಕೊಳ್ಳಿ.

"ಭೀಮಸಮುದ್ರದ ಕಡೆ ನೆಲದಲ್ಲೆಲ್ಲ ಕಬ್ಬಿಣದ ಅದಿರು ಇದೆಯಲ್ಲ, ಅದು ಲೆಕ್ಕ ಕೆಡಿಸಲ್ವಾ ಮಾಮ?" ಅಂತ ಕೇಳಿದಳು. ಅದಿರು 40,000 ಅನ್ನೋ ದೊಡ್ಡ ಅಂಕಿಯನ್ನು ಜಾಗದಿಂದ ಜಾಗಕ್ಕೆ ಬದಲಿಸುತ್ತದೆ, ಆದರೆ ಅದು ದಿನಾ ಅಲ್ಲೇ ಇರುತ್ತದೆ. ದಿನದ ಗುಡ್ಡಕ್ಕೆ ಅದರಿಂದ ಅಷ್ಟೇನೂ ವ್ಯತ್ಯಾಸವಿಲ್ಲ. ಅದಿರು ಹುಡುಕುವವರ ಕಷ್ಟ ಇದಕ್ಕೆ ಉಲ್ಟಾ. ಬೆಳಿಗ್ಗೆ ಎಂಟಕ್ಕೆ ಒಂದು ಹೊಲದಲ್ಲಿ, ಹನ್ನೊಂದಕ್ಕೆ ಪಕ್ಕದ ಹೊಲದಲ್ಲಿ ಅಳೆದು, ವ್ಯತ್ಯಾಸ ನೋಡಿ ಇಲ್ಲಿ ಅದಿರಿದೆ ಅಂದರೆ ಅದು ಸೂರ್ಯನ ಗುಡ್ಡವೂ ಆಗಿರಬಹುದು. ಅದಕ್ಕೇ ಅವರು ಒಂದು ಮೀಟರನ್ನು ಒಂದೇ ಜಾಗದಲ್ಲಿ ದಿನವಿಡೀ ಓಡಿಸಿ, ಅದರ ಏರಿಳಿತವನ್ನು ಹೊಲದ ಅಳತೆಯಿಂದ ಕಳೆಯುತ್ತಾರೆ.

ಕಣ್ಣಾರೆ ನೋಡಬೇಕು ಅನ್ನುವವರಿಗೆ ಒಂದು ದಾರಿ ಇದೆ. ಗಾಜಿನ ಜಾಡಿಯೊಳಗೆ ತೆಳು ದಾರದಲ್ಲಿ ಸಣ್ಣ ಪಟ್ಟಿ ಕಾಂತ ಇಳಿಬಿಟ್ಟು, ಅದಕ್ಕೊಂದು ಚೂರು ಕನ್ನಡಿ ಅಂಟಿಸಿ, ಲೇಸರ್ ಬಿಟ್ಟು, 3 ಮೀಟರ್ ದೂರದ ಗೋಡೆ ಮೇಲೆ ಚುಕ್ಕೆ ಬೀಳಿಸಿ. ಇದು ಬಲವನ್ನಲ್ಲ, ದಿಕ್ಕನ್ನು ತೋರಿಸುತ್ತದೆ. ಪೂರ್ವ ಪಶ್ಚಿಮ ಬಲ 10 ನ್ಯಾನೋಟೆಸ್ಲಾ ಬದಲಾದರೆ ಸೂಜಿ ತಿರುಗುವುದು 40,000ದಲ್ಲಿ 10ರಷ್ಟು. ಕನ್ನಡಿ ಅದನ್ನು ಎರಡರಷ್ಟು ಮಾಡುತ್ತದೆ, ಗೋಡೆ ಮೇಲೆ ಚುಕ್ಕೆ 1.5 ಮಿಲಿಮೀಟರ್ ಸರಿಯುತ್ತದೆ. ಫ್ಯಾನ್, ಬೈಕ್, ಕಬ್ಬಿಣದ ಬೀರುವಿನಿಂದ ದೂರ ಇಡಬೇಕು. ಅಕ್ಕನ ಮಗಳು ಅಜ್ಜಿ ಮನೆಯ ಹಿಂದಿನ ಕೋಣೆಯಲ್ಲಿ ಇಟ್ಟಿದ್ದಾಳೆ, ಗೋಡೆಗೆ ಗ್ರಾಫ್ ಹಾಳೆ ಅಂಟಿಸಿ ಅರ್ಧ ಗಂಟೆಗೊಮ್ಮೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾಳೆ. ಸಮಯದ ಕಾಲಮ್ಮಿನ ಮೇಲೆ "ಚಿತ್ರದುರ್ಗದ ಸೂರ್ಯನ ಸಮಯ" ಅಂತ ಮೊದಲೇ ಬರೆದಿಟ್ಟಿದ್ದಾಳೆ.